ಎಳೆಯ ಗುರಿಕಾರನಿಗೆ ಮೊದಲ ರೈಫಲ್ ಯಾವುದು?

ಹೋದ ಸಾಲಿನ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ದಾನಿಗಳೊಬ್ಬರು ಎದ್ದು ನಿಂತು, ನಮ್ಮ ಶಾಲೆಗೆ ಐದು .22 ರೈಫಲುಗಳನ್ನು ಕೊಡಿಸಲು ತಾವು ಸಿದ್ಧರಿರುವುದಾಗಿ ಹೇಳಿದರು. ಇದೇ ಶಾಲೆಯ ಜಗಲಿಯಲ್ಲಿ ಕುಳಿತು ಅಕ್ಷರ ಕಲಿತವರು ಅವರು. ಪರಸ್ಥಳದಲ್ಲಿ ದುಡಿದು ನಾಲ್ಕು ಕಾಸು ಮಾಡಿಕೊಂಡ ಮೇಲೂ ಶ್ರೀಮಠದ ಋಣವನ್ನು ಮರೆಯದವರು. ಅವರ ಮಾತಿಗೆ ಸಭೆಯ ಅರ್ಧ ಭಾಗ ಚಪ್ಪಾಳೆ ತಟ್ಟಿತು, ಉಳಿದರ್ಧ ಮೌನವಾಯಿತು. ಹಿರಿಯ ಶಿಕ್ಷಕರೊಬ್ಬರು ಎದ್ದು, ಶರಣರ ಹೆಸರು ಹೇಳಿಕೊಂಡು ನಡೆಯುವ ಸಂಸ್ಥೆಯ ಅಂಗಳದಲ್ಲಿ ಬಂದೂಕಿನ ಸದ್ದೇ ಎಂದು ಕೇಳಿದರು. ಚರ್ಚೆ ಮುಗಿಯಲಿಲ್ಲ, ಪ್ರಸಾದದ ವೇಳೆಯಾಯಿತೆಂದು ಸಭೆಯೇ ಮುಗಿಯಿತು. ಆ ದಿನ ನಾನು ಒಂದು ಮಾತನ್ನೂ ಆಡಲಿಲ್ಲ. ಆಡಬೇಕಾಗಿದ್ದ ಮಾತನ್ನು ಈ ಸಂಚಿಕೆಯ ಪುಟಗಳಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆಯಲ್ಲಿ ಎರಡು ಎಳೆಗಳಿವೆ. ಮಠದ ಶಾಲೆಯ ಮಕ್ಕಳಿಗೆ ಗುರಿಯಿಡುವ ವಿದ್ಯೆಯನ್ನು ಕಲಿಸಬೇಕೆ ಎಂಬುದು ಮೊದಲನೆಯದು. ಕಲಿಸುವುದಾದರೆ ಮಗುವಿನ ಕೈಗೆ ಮೊದಲು ಬರಬೇಕಾದ ರೈಫಲ್ ಯಾವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನ ಉತ್ತರ ‘ಹೌದು’ ಎಂದು. ಎರಡನೆಯದಕ್ಕೆ ನನ್ನ ಉತ್ತರ, ದಾನಿಗಳ ಕ್ಷಮೆ ಕೋರಿ ಹೇಳುವುದಾದರೆ, ‘.22 ಅಲ್ಲ’ ಎಂದು. ಇವೆರಡನ್ನೂ ಕಾರಣಸಹಿತವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಹಿರಿಯರ ಅಳುಕು ನಿರಾಧಾರವಾದುದಲ್ಲ. ಬೀದರ ಸೀಮೆಯ ನೆಲ ಮದ್ದುಗುಂಡುಗಳ ರುಚಿಯನ್ನು ಚೆನ್ನಾಗಿ ಬಲ್ಲದು. 1657ರಲ್ಲಿ ಔರಂಗಜೇಬನು ಬೀದರದ ಕೋಟೆಗೆ ಮುತ್ತಿಗೆ ಹಾಕಿದಾಗ, ಒಳಗಿನ ಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿ, ಕಿಲ್ಲೇದಾರನಾಗಿದ್ದ ಸಿದ್ದಿ ಮರ್ಜಾನನು ಮರಣಾಂತಿಕವಾಗಿ ಗಾಯಗೊಂಡನು. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸದ ಒಂದು ಪಾರ್ಶ್ವ ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿದುಹೋಯಿತು. ಕಾರಣ ಸಿಡಿಲೆಂದು ಕೆಲವರು, ಅಲ್ಲಿ ಕೂಡಿಟ್ಟಿದ್ದ ಮದ್ದೆಂದು ಕೆಲವರು ಹೇಳುತ್ತಾರೆ. ವಿದ್ಯೆಯ ಮನೆಯಲ್ಲಿ ಮದ್ದನ್ನಿಟ್ಟರೆ ಏನಾದೀತೆಂಬುದಕ್ಕೆ ಆ ಮುರಿದ ಗೋಡೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಇನ್ನು ನಮ್ಮ ಅಜ್ಜ ಅಜ್ಜಿಯರ ನೆನಪಿಗೆ ಬರುವುದು 1948ನೆಯ ಇಸವಿ. ರಜಾಕಾರರ ಹಾವಳಿಯ ಆ ದಿನಗಳಲ್ಲಿ ಗೋರಟಾ ಗ್ರಾಮದಲ್ಲಿ ಹರಿದ ರಕ್ತವನ್ನು ಈ ಭಾಗದ ಯಾವ ಮನೆಯೂ ಮರೆತಿಲ್ಲ. ಬಂದೂಕು ಎಂದೊಡನೆ ಇಲ್ಲಿಯ ಮುದುಕರ ಮುಖ ಬಾಡುವುದು ಹೇಡಿತನದಿಂದಲ್ಲ, ಅನುಭವದಿಂದ.

ಆದರೂ ಕಲಿಸಬೇಕೆಂದು ಏಕೆ ಹೇಳುತ್ತೇನೆ? ಗುರಿಯಾಟವು ಕೊಲ್ಲುವ ವಿದ್ಯೆಯಲ್ಲ, ಕೊಲ್ಲುವ ಸಾಧನದ ಮೇಲೆ ಹಿಡಿತ ಸಾಧಿಸುವ ವಿದ್ಯೆ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಅದನ್ನು ಮುಟ್ಟಬೇಕಾದರೆ ಉಸಿರು ನಿಲ್ಲಬೇಕು, ಮನಸ್ಸು ನಿಲ್ಲಬೇಕು, ಬೆರಳು ಮಾತ್ರ ಮೆಲ್ಲನೆ ಚಲಿಸಬೇಕು. ಸಿಟ್ಟುಗೊಂಡವನಿಗೆ, ಅವಸರಪಟ್ಟವನಿಗೆ, ಪಕ್ಕದವನ ಅಂಕವನ್ನು ಇಣುಕಿ ನೋಡುವವನಿಗೆ ಆ ಚುಕ್ಕೆ ದಕ್ಕದು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ಅಲುಗಿಸದೆ ನಿಲ್ಲಿಸುವ ಅಭ್ಯಾಸವನ್ನು ಬಾಲ್ಯದಿಂದ ಕಂಡ ನಮ್ಮ ಮಕ್ಕಳಿಗೆ ಏಕಾಗ್ರತೆ ಎಂದರೇನೆಂದು ಹೊಸದಾಗಿ ಹೇಳಬೇಕಾಗಿಲ್ಲ. ಪೂಜೆಯನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿಡುವ ಧೈರ್ಯ ನನಗಿಲ್ಲ. ಆದರೆ ದೃಷ್ಟಿ ನಿಂತರೆ ಮನಸ್ಸು ನಿಲ್ಲುವುದೆಂಬ ಅರಿವು ಎರಡಕ್ಕೂ ಸಮಾನವೆಂದು ಹೇಳಿದರೆ ತಪ್ಪಾಗಲಾರದು. ಕಲ್ಯಾಣದಿಂದ ಉಳವಿಗೆ ಹೊರಟ ಶರಣರ ಹಿಂದೆ ಕಾವಲು ನಿಂತು ಕಾದಿದ ಮಡಿವಾಳ ಮಾಚಿದೇವರನ್ನು ನಮ್ಮ ಪರಂಪರೆ ಗೌರವದಿಂದಲೇ ನೆನೆಯುತ್ತದೆ. ದಯೆಯನ್ನು ಧರ್ಮಕ್ಕೆ ಬೇರೆಂದು ನಂಬಿದವರು ಆಯುಧದ ಅರಿವಿನಿಂದ ದೂರವಿರಬೇಕೆಂದೇನೂ ಇಲ್ಲ. ಅದರ ದುರುಪಯೋಗದಿಂದ ದೂರವಿರಬೇಕು.

ಇನ್ನು ಎರಡನೆಯ ಪ್ರಶ್ನೆ. ದಾನಿಗಳು .22 ರೈಫಲನ್ನು ಏಕೆ ಹೆಸರಿಸಿದರೆಂಬುದು ನನಗೆ ತಿಳಿಯುತ್ತದೆ. ಎನ್‌ಸಿಸಿಯಲ್ಲಿ ನಾವೆಲ್ಲ ಮೊದಲು ಹಿಡಿದದ್ದು ಅದನ್ನೇ. ಸುಮಾರು 2.8 ಕಿಲೋಗ್ರಾಂ ತೂಕದ, 43 ಅಂಗುಲ ಉದ್ದದ ಆ ಡೀಲಕ್ಸ್ ರೈಫಲನ್ನು ಹಿಡಿದು, ಚಾಪೆಯ ಮೇಲೆ ಬೋರಲು ಮಲಗಿ, 25 ಗಜ ದೂರದ ಗುರಿಗೆ ಐದು ಗುಂಡು ಹಾರಿಸಿದ ದಿನವನ್ನು ಯಾವ ಕ್ಯಾಡೆಟ್ಟೂ ಮರೆಯಲಾರ. ಗುಂಡು ಸಣ್ಣದು, ಹೊಡೆತಕ್ಕೆ ಭುಜ ನೋಯುವುದಿಲ್ಲ, ಸದ್ದೂ ಅಷ್ಟಾಗಿಲ್ಲ. ಆದಕಾರಣ ‘ಇದು ಮಕ್ಕಳ ಬಂದೂಕು’ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಅಪಾಯವಿರುವುದು ಈ ಭಾವನೆಯಲ್ಲಿಯೇ.

1887ರಲ್ಲಿ ಅಮೆರಿಕೆಯ ಸ್ಟೀವನ್ಸ್ ಕಂಪನಿ ಹೊರತಂದ .22 ಲಾಂಗ್ ರೈಫಲ್ ತೋಟಾ ನೋಡಲು ಕಿರುಬೆರಳಿನ ತುದಿಯಷ್ಟಿದೆ. ಅದರ ಗುಂಡಿನ ತೂಕ ಸುಮಾರು 2.6 ಗ್ರಾಂ, ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಲೆಕ್ಕ ಹಾಕಿದರೆ ಅದರ ಶಕ್ತಿ ಸುಮಾರು 140 ಜೌಲ್ ಆಗುತ್ತದೆ. ಸ್ಪರ್ಧೆಯ ಏರ್ ರೈಫಲಿನ ಸೀಸದ ಗುಂಡು ಅರ್ಧ ಗ್ರಾಮಿನದು, ಅದರ ಶಕ್ತಿ ಏಳೆಂಟು ಜೌಲ್ ಮಾತ್ರ. ಎರಡಕ್ಕೂ ನಡುವೆ ಹದಿನೆಂಟು ಪಟ್ಟು ಅಂತರ. ಗುರಿಗೆ 25 ಗಜ ಸಾಕೆಂದು ಗುಂಡೂ ಅಲ್ಲಿಗೇ ನಿಲ್ಲುವುದಿಲ್ಲ. ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗಬಲ್ಲುದು. ಬೀದರದಿಂದ ಔರಾದಕ್ಕೆ ಹೋಗುವ ಹಾದಿಯಲ್ಲಿರುವ ನಮ್ಮ ಜನವಾಡವನ್ನು ಬಲ್ಲವರು ಒಮ್ಮೆ ಯೋಚಿಸಲಿ: ಶಾಲೆಯ ಮೈದಾನದಿಂದ ತಪ್ಪಿ ಹಾರಿದ ಒಂದು ಗುಂಡು ಊರನ್ನು ದಾಟಿ, ತೊಗರಿ ಕೊಯ್ಯುವ ತಾಯಂದಿರ ನಡುವೆ ಬೀಳಬಹುದು. ಕಲ್ಲಿಗೆ ತಗುಲಿದರೆ, ನೀರಿಗೆ ತಗುಲಿದರೆ ಅದು ಪುಟಿದು ದಿಕ್ಕು ಬದಲಿಸುವುದೂ ಉಂಟು. ಎತ್ತರದ ಮಣ್ಣಿನ ದಿಬ್ಬವಿಲ್ಲದ, ನುರಿತ ಅಧಿಕಾರಿಯಿಲ್ಲದ ಬಯಲಿನಲ್ಲಿ .22 ಹಾರಿಸುವುದು ಆಟವಲ್ಲ, ಅವಿವೇಕ.

ಕಾನೂನು ಸಹ ಇದನ್ನೇ ಹೇಳುತ್ತದೆ. 1959ರ ಆಯುಧ ಅಧಿನಿಯಮದ ಮೇರೆಗೆ .22 ರೈಫಲಿಗೆ ಪರವಾನಗಿ ಬೇಕೇ ಬೇಕು. ಅದರ 9ನೆಯ ಕಲಮಿನ ಪ್ರಕಾರ 21 ವರ್ಷ ತುಂಬದವರು ಬಂದೂಕನ್ನು ಹೊಂದುವಂತಿಲ್ಲ. ಅಂಥವರೆಂದು ತಿಳಿದೂ ಅವರಿಗೆ ಮಾರುವುದಾಗಲಿ ಹಸ್ತಾಂತರಿಸುವುದಾಗಲಿ ಕೂಡದು. ತರಬೇತಿಯ ಸಂದರ್ಭದಲ್ಲಿ ಮಾತ್ರ, ಗೊತ್ತುಪಡಿಸಿದ ವಯಸ್ಸಿನ ಮೇಲೆ, ಗೊತ್ತುಪಡಿಸಿದ ನಿಬಂಧನೆಗಳಿಗೆ ಒಳಪಟ್ಟು, ಅವರು ಬಂದೂಕು ಬಳಸಬಹುದೆಂಬ ವಿನಾಯಿತಿ ಅದೇ ಕಲಮಿನಲ್ಲಿದೆ. ಎಂದರೆ ಕಾನೂನಿನ ಆಶಯ ಸ್ಪಷ್ಟವಾಗಿದೆ: ಮಗು ಬಂದೂಕನ್ನು ಕಲಿಯಬಹುದು, ಆದರೆ ಬಂದೂಕಿನ ಒಡೆಯನಾಗಬಾರದು. 2019ರ ತಿದ್ದುಪಡಿಯಲ್ಲಿ ಹರ್ಷಾಚರಣೆಗಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವುದನ್ನೂ ಶಿಕ್ಷಾರ್ಹ ಅಪರಾಧವೆಂದು ಸೇರಿಸಲಾಗಿದೆ. ಮದುವೆಯ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸುವುದನ್ನು ದೊಡ್ಡಸ್ತಿಕೆ ಎಂದು ಬಗೆಯುವ ಬಂಧುಗಳು ಇದನ್ನು ಗಮನಿಸುವುದೊಳ್ಳೆಯದು. ಇದಕ್ಕೆ ಪ್ರತಿಯಾಗಿ, ನಳಿಗೆಯ ಅಳತೆ 4.5 ಮಿಲಿಮೀಟರನ್ನೂ ಶಕ್ತಿ 20 ಜೌಲನ್ನೂ ಮೀರದ ಏರ್ ರೈಫಲಿಗೆ ಪರವಾನಗಿ ಬೇಡ. ಶಾಲೆಯೊಂದು ಯಾರ ಮುಲಾಜೂ ಇಲ್ಲದೆ, ಕಾನೂನಿಗೆ ತಲೆಬಾಗಿಯೇ ಇಟ್ಟುಕೊಳ್ಳಬಹುದಾದ ಸಾಧನ ಅದೊಂದೇ.

ಪರವಾನಗಿ ಬೇಡವೆಂದರೆ ಭಯ ಬೇಡವೆಂದು ಅರ್ಥವಲ್ಲ. ಸಮ್ಮೇಳನದ ದಿನ ನಾನೇಕೆ ಮೌನವಾಗಿದ್ದೆನೆಂಬುದನ್ನು ಇಲ್ಲಿ ಹೇಳಲೇಬೇಕು. ನಾವು ಏಳನೆಯ ಇಯತ್ತೆಯಲ್ಲಿದ್ದಾಗ ನೆಂಟರೊಬ್ಬರು ಒಂದು ಏರ್‌ಗನ್ ತಂದಿದ್ದರು. ನಮ್ಮ ಕಡೆ ಜನ ‘ಛರ್ರಾ ಬಂದೂಕು’ ಎನ್ನುವಂಥದು. ಹಿರಿಯರು ಮಧ್ಯಾಹ್ನ ಮಲಗಿದ್ದ ವೇಳೆ ಅದನ್ನು ಹಿತ್ತಲಿಗೆ ಒಯ್ದವನು ನಾನು. ಬಾವಿಯ ಕಟ್ಟೆಯ ಕಲ್ಲಿನ ಮೇಲೆ ಒಂದು ಡಬ್ಬಿಯನ್ನಿಟ್ಟು ಹೊಡೆದವನೂ ನಾನು. ಗುಂಡು ಡಬ್ಬಿಯನ್ನು ತಪ್ಪಿ, ಕಲ್ಲಿಗೆ ತಗುಲಿ ಹಿಂದಕ್ಕೆ ಪುಟಿಯಿತು. ಪಕ್ಕದಲ್ಲಿ ನಿಂತಿದ್ದ ನನ್ನ ಗೆಳೆಯನ ಎಡಗಣ್ಣು ಹೋಯಿತು. ಆತ ಎಂದೂ ನನ್ನನ್ನು ನಿಂದಿಸಲಿಲ್ಲ. ‘ಆಟದಾಗ ಆದದ್ದು’ ಎಂದು ಹೇಳಿಯೇ ಇಷ್ಟು ವರ್ಷ ಕಳೆದಿದ್ದಾನೆ. ಸಮ್ಮೇಳನದ ದಿನ ಆತ ಮುಂದಿನ ಸಾಲಿನಲ್ಲಿ ಕುಳಿತು, ದಾನಿಗಳ ಮಾತಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ನನಗೆ ಬಾಯಿ ಬರಲಿಲ್ಲ. ಆ ಮಧ್ಯಾಹ್ನ ಕೆಟ್ಟದ್ದಾಗಿದ್ದುದು ಬಂದೂಕಲ್ಲ; ಬೀಗವಿರಲಿಲ್ಲ, ಗುರುವಿರಲಿಲ್ಲ, ಗುಂಡನ್ನು ಹಿಡಿದು ನಿಲ್ಲಿಸುವ ತಡೆಯಿರಲಿಲ್ಲ, ಕಣ್ಣಿಗೆ ಕನ್ನಡಕವಿರಲಿಲ್ಲ. ಈ ನಾಲ್ಕನ್ನೂ ಒದಗಿಸದೆ ಯಾವ ರೈಫಲನ್ನು ಕೊಂಡರೂ ಅದು ತಪ್ಪು ರೈಫಲೇ ಎಂಬುದು ನಾನು ಬೆಲೆ ತೆತ್ತು ಕಲಿತ ಪಾಠ. ಬೆಲೆ ತೆತ್ತವನು ಮಾತ್ರ ಬೇರೊಬ್ಬ.

ಹಾಗಾದರೆ ಮೊದಲ ರೈಫಲ್ ಎಂಥದಿರಬೇಕು? ಏರ್ ರೈಫಲೆಂದು ನಿಶ್ಚಯಿಸಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಬೆಲೆಪಟ್ಟಿಯನ್ನು ನೋಡುವುದಕ್ಕೆ ಮೊದಲು ಮಗುವನ್ನು ನೋಡಬೇಕು. ಅಂಗಿ ಹೊಲಿಸುವಾಗ ಅಳತೆ ಕೊಡುವ ನಾವು ರೈಫಲ್ ಕೊಳ್ಳುವಾಗ ಅಳತೆಯನ್ನೇ ಮರೆಯುತ್ತೇವೆ. ಬಟ್ಟಿನ ಉದ್ದ ಮಗುವಿನ ತೋಳಿಗೆ ಹೊಂದಬೇಕು. ಮೊಣಕೈಯನ್ನು ಮಡಿಸಿ ಅದರ ಮಡಿಕೆಗೆ ಬಟ್ಟಿನ ಹಿಂಬದಿಯನ್ನು ಆನಿಸಿದಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರನ್ನು ಸಲೀಸಾಗಿ ಮುಟ್ಟಬೇಕು. ಇದು ಹಳೆಯದಾದರೂ ಸುಳ್ಳಾಗದ ಪರೀಕ್ಷೆ. ಬಟ್ಟು ಉದ್ದವಾದರೆ ಮಗು ತಲೆಯನ್ನು ಹಿಂದಕ್ಕೆಳೆದು ಸೊಂಟವನ್ನು ಮುಂದಕ್ಕೆ ಚಾಚುತ್ತದೆ. ಒಮ್ಮೆ ಮೈಗೂಡಿದ ಆ ಡೊಂಕನ್ನು ಮುಂದೆ ತಿದ್ದುವುದು ಕಷ್ಟ. ಬಟ್ಟಿನ ಉದ್ದವನ್ನೂ ಕೆನ್ನೆಯ ಆಸರೆಯ ಎತ್ತರವನ್ನೂ ಹೊಂದಿಸಿಕೊಳ್ಳಬಹುದಾದ ರೈಫಲು ಶಾಲೆಗೆ ಉತ್ತಮ. ಒಂದೇ ರೈಫಲು ಎಂಟನೆಯ ತರಗತಿಯ ಹುಡುಗಿಗೂ ಹತ್ತನೆಯ ತರಗತಿಯ ಹುಡುಗನಿಗೂ ಆಗಿಬರುತ್ತದೆ.

ತೂಕದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ಪರ್ಧೆಯ ನಿಯಮ ಏರ್ ರೈಫಲಿಗೆ 5.5 ಕಿಲೋಗ್ರಾಂ ವರೆಗೆ ಅವಕಾಶ ಕೊಟ್ಟಿದೆ. ಆದರೆ ಅದು ಪರಮಾವಧಿಯೇ ಹೊರತು ಆದರ್ಶವಲ್ಲ. 35 ಕಿಲೋಗ್ರಾಂ ತೂಗುವ ಮಗುವಿಗೆ ಐದು ಕಿಲೋಗ್ರಾಂ ರೈಫಲನ್ನು ಕೊಟ್ಟು ಒಂದು ಗಂಟೆಗೂ ಹೆಚ್ಚು ಹೊತ್ತು ನಿಲ್ಲಿಸಿದರೆ ಬೆನ್ನೆಲುಬಿನ ಕೆಳಭಾಗ ಮೊದಲು ದೂರುತ್ತದೆ, ಆಮೇಲೆ ಮಗು ದೂರುತ್ತದೆ. ಆರಂಭದಲ್ಲಿ ಮೇಜಿನ ಮೇಲೆ ಮರಳಿನ ಚೀಲವನ್ನಿಟ್ಟು, ಅದರ ಆಸರೆಯಲ್ಲಿ ಕುಳಿತು ಗುರಿಯಿಡಲಿ. ನೋಟ ಮತ್ತು ಬೆರಳು ಹದಕ್ಕೆ ಬಂದ ಮೇಲೆ ನಿಂತು ಹೊಡೆಯುವುದನ್ನು ಕಲಿಯಲಿ. ಯಾವ ಕಣ್ಣು ಪ್ರಧಾನವೆಂಬುದನ್ನೂ ಮೊದಲ ದಿನವೇ ಪರೀಕ್ಷಿಸಬೇಕು. ಎರಡೂ ಅಂಗೈಗಳನ್ನು ಚಾಚಿ ನಡುವೆ ಸಣ್ಣ ಕಿಂಡಿ ಮಾಡಿಕೊಂಡು ದೂರದ ಕಂಬವೊಂದನ್ನು ನೋಡಿ, ಒಂದೊಂದೇ ಕಣ್ಣನ್ನು ಮುಚ್ಚಿದರೆ, ಕಂಬ ಯಾವ ಕಣ್ಣಿಗೆ ಕಿಂಡಿಯಲ್ಲೇ ಉಳಿಯುವುದೋ ಅದೇ ಪ್ರಧಾನ ಕಣ್ಣು. ಎಡಗೈಯ ಮಗುವನ್ನು ಒತ್ತಾಯದಿಂದ ಬಲಗೈಗೆ ತಿರುಗಿಸುವ ಹಳೆಯ ಚಾಳಿಯನ್ನು ಇಲ್ಲಿಯಾದರೂ ಬಿಡೋಣ.

ಯಂತ್ರದ ಬಗೆಯಲ್ಲಿ ಎರಡು ಮುಖ್ಯ. ಒಂದು ಸ್ಪ್ರಿಂಗಿನದು, ನಳಿಗೆಯನ್ನು ಮಡಿಸಿ ಅಥವಾ ಸನ್ನೆಯನ್ನು ಎಳೆದು ಬಿಗಿಮಾಡುವಂಥದು. ಇನ್ನೊಂದು ಸಿಲಿಂಡರಿನಲ್ಲಿ ಒತ್ತಡದ ಗಾಳಿಯನ್ನು ತುಂಬಿಟ್ಟುಕೊಳ್ಳುವಂಥದು. ಗಾಳಿಯ ಸಿಲಿಂಡರಿನ ರೈಫಲು ಹೊಡೆಯುವಾಗ ಕದಲುವುದಿಲ್ಲ. ಇಂದಿನ ಸ್ಪರ್ಧೆಗಳೆಲ್ಲ ಅದರ ಮೇಲೆಯೇ ನಡೆಯುತ್ತವೆ. ಆದರೆ ವಿದೇಶದಿಂದ ಬರುವ ಅಂಥ ಒಂದು ರೈಫಲಿನ ಬೆಲೆಯನ್ನು ಲಕ್ಷಗಳಲ್ಲಿ ಎಣಿಸಬೇಕು. ಸಿಲಿಂಡರಿಗೆ ಸುಮಾರು 200 ಬಾರ್ ಒತ್ತಡದ ಗಾಳಿ ಬೇಕು. ಅದನ್ನು ತುಂಬುವ ಪಂಪು ಬೇಕು, ರಬ್ಬರಿನ ಉಂಗುರ ಸವೆದಾಗ ಬದಲಿಸುವ ಕೈ ಬೇಕು. ಸಿಲಿಂಡರಿಗೆ ಬಳಕೆಯ ಅವಧಿಯೂ ಗೊತ್ತಾಗಿರುತ್ತದೆ. ಅದು ಮುಗಿದರೆ ತೆಗೆದುಹಾಕಬೇಕು. ಸ್ಪ್ರಿಂಗಿನದು ಅಗ್ಗ, ಗಟ್ಟಿಮುಟ್ಟು, ಹಳ್ಳಿಯ ಧೂಳಿಗೂ ಹೆದರದು. ಆದರೆ ಹೊಡೆಯುವಾಗ ಒಳಗಿನ ಸ್ಪ್ರಿಂಗು ಜಗ್ಗಿ ರೈಫಲನ್ನು ಅಲುಗಿಸುತ್ತದೆ, ಗುಂಡಿಲ್ಲದೆ ಬಿಟ್ಟರೆ ಕೆಡುತ್ತದೆ, ಪುಟ್ಟ ಮಕ್ಕಳಿಗೆ ಬಿಗಿಮಾಡುವುದೂ ಕಷ್ಟ. ನನ್ನ ಅಭಿಪ್ರಾಯದಲ್ಲಿ ಶಾಲೆಗೆ ಎರಡು ಸಾಧಾರಣ ಸ್ಪ್ರಿಂಗ್ ರೈಫಲು ಆರಂಭಿಕರಿಗಾಗಿ, ನಮ್ಮ ದೇಶದಲ್ಲಿಯೇ ತಯಾರಾಗುವ ಮಧ್ಯಮ ದರ್ಜೆಯ ಗಾಳಿ ಸಿಲಿಂಡರಿನ ಒಂದು ರೈಫಲು ಮುಂದುವರಿದವರಿಗಾಗಿ ಸಾಕು. ಕೊಳ್ಳುವ ಮುನ್ನ ಅಂಗಡಿಯವನನ್ನು ಕೇಳಬೇಕಾದುದು ಒಂದೇ: ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ? ಉತ್ತರ ಕಲಬುರಗಿ, ಹೈದರಾಬಾದು ಮುಂತಾಗಿ ಒಂದು ದಿನದ ಹಾದಿಯೊಳಗಿದ್ದರೆ ಕೊಳ್ಳಬಹುದು.

ಸೈಟಿನ ವಿಷಯದಲ್ಲಿ ಅವಸರ ಬೇಡ. ತೆರೆದ ಸೈಟಿನಲ್ಲಿ ಹಿಂದಿನ ಕಚ್ಚು, ಮುಂದಿನ ಮೊನೆ, ಗುರಿಯ ಕರಿಬೊಟ್ಟು ಈ ಮೂರನ್ನೂ ಹೊಂದಿಸುವಾಗ ಮಗುವಿಗೆ ನೋಟದ ನಿಯಮ ತಾನಾಗಿ ಮನದಟ್ಟಾಗುತ್ತದೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ತೆರೆದ ಸೈಟಿನ ಏರ್ ರೈಫಲಿಗೇ ಬೇರೆ ವಿಭಾಗವಿರುವುದರಿಂದ ಅಗ್ಗದ ರೈಫಲು ಹಿಡಿದ ಹಳ್ಳಿಯ ಮಗುವಿಗೂ ಅಲ್ಲಿ ಸ್ಥಾನವುಂಟು. ಸಣ್ಣ ರಂಧ್ರದಲ್ಲಿ ನೋಡುವ ಪೀಪ್ ಸೈಟು ಆಮೇಲಿನ ಮೆಟ್ಟಿಲು. ದುರ್ಬೀನನ್ನಂತೂ ದೂರವಿಡಬೇಕು, ಅದು ಗುರಿಯನ್ನು ಹತ್ತಿರ ತರುತ್ತದೆಯೇ ಹೊರತು ಗುರಿಕಾರನನ್ನು ಬೆಳೆಸುವುದಿಲ್ಲ.

.22 ಎಂದಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಅದಕ್ಕೂ ಕಾಲವಿದೆ. ಎರಡು ವರ್ಷ ಏರ್ ರೈಫಲಿನಲ್ಲಿ ನೆಟ್ಟಗೆ ನಡೆದುಕೊಂಡ ಮಗುವಿಗೆ ಎನ್‌ಸಿಸಿ ಶಿಬಿರವೇ .22ರ ಸರಿಯಾದ ಬಾಗಿಲು. ಅಲ್ಲಿ ರೈಫಲು ಸರಕಾರದ್ದು, ತೋಟಾ ಸರಕಾರದ್ದು, ಗುರಿಯ ಹಿಂದೆ ದಿಬ್ಬ, ಪಕ್ಕದಲ್ಲಿ ಹವಾಲ್ದಾರರು. ಖಾಲಿ ತೋಟಾಗಳನ್ನೂ ಎಣಿಸಿ ಒಪ್ಪಿಸದೆ ಯಾರೂ ಮೈದಾನ ಬಿಡುವಂತಿಲ್ಲ. ಆಮೇಲೂ ಈ ದಾರಿಯಲ್ಲೇ ಮುಂದುವರಿಯುವ ಯುವಕರು ರೈಫಲ್ ಸಂಘದ ಸದಸ್ಯರಾಗಿ, ಅಲ್ಲಿಯ ಗುರುಗಳ ಕಣ್ಣೆದುರು 50 ಮೀಟರಿನ ಅಭ್ಯಾಸ ಮಾಡಲಿ. ಸ್ವಂತ .22 ಕೊಳ್ಳುವ ಮಾತು ಪ್ರಾಪ್ತ ವಯಸ್ಸು, ಪರವಾನಗಿ, ಉಕ್ಕಿನ ಕಪಾಟು ಈ ಮೂರೂ ಕೂಡಿಬಂದ ಮೇಲೆ. 

‘ಕೈಯಲ್ಲಿ ಒಳ್ಳೆಯ ರೈಫಲಿಲ್ಲದೆ ನಮ್ಮ ಮಕ್ಕಳು ಮುಂದೆ ಬರುವುದೆಂತು?’ ಎಂದು ದಾನಿಗಳು ಕೇಳಬಹುದು. 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ ಬಿಂದ್ರಾ ಅವರಿಗೆ ಮನೆಯ ಆವರಣದಲ್ಲಿಯೇ ಗುರಿಯಂಗಳವಿತ್ತು. ಅದು ನಮಗೆ ಮಾದರಿಯಾಗಲಾರದು. ನಮಗೆ ಮಾದರಿ ನೆರೆಯ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ. 2024ರ ಆಗಸ್ಟ್ 1ರಂದು ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದವರು ಅವರು, ಆ ಸ್ಪರ್ಧೆ.22ರದೇ. ಅವರನ್ನು ಬೆಳೆಸಿದ್ದು ಬಾಲ್ಯದಲ್ಲಿ ಮನೆಗೆ ಬಂದ ರೈಫಲಲ್ಲ, ಮಹಾರಾಷ್ಟ್ರ ಸರಕಾರದ ಕ್ರೀಡಾ ಪ್ರಬೋಧಿನಿ ಎಂಬ ವಸತಿ ತರಬೇತಿಯ ವ್ಯವಸ್ಥೆ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಸ್ಪರ್ಧೆಯಲ್ಲಿ 15ನೆಯ ವಯಸ್ಸಿಗೆ ಬೆಳ್ಳಿಯನ್ನೂ ದೇಶಕ್ಕೊಂದು ಒಲಿಂಪಿಕ್ ಸ್ಥಾನವನ್ನೂ ಗಳಿಸಿದ್ದು ಹತ್ತು ಮೀಟರ್ ಏರ್ ರೈಫಲಿನಲ್ಲಿ. ಏರ್ ರೈಫಲೆಂದರೆ ಆಟಿಕೆ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಡ. ಹೆಣ್ಣುಮಕ್ಕಳಿಗೇಕೆ ಬಂದೂಕು ಎನ್ನುವವರಿಗೂ ಅದೇ ಉತ್ತರ.

ನಮ್ಮ ನಾಡಿನಲ್ಲಿಯೇ ಕೊಡಗಿನ ಉದಾಹರಣೆಯೂ ಇದೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯುಂಟು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಡೆಸುತ್ತಾರೆ. ಅಲ್ಲಿ ಕೋವಿಯ ಜೊತೆಗೆ ಕೋವಿಯ ಸಂಸ್ಕಾರವೂ ತಲೆಮಾರುಗಳಿಂದ ಮನೆಯಲ್ಲಿದೆ. ನಮ್ಮಲ್ಲಿ ಆ ಸಂಸ್ಕಾರವಿಲ್ಲ. ಮನೆ ಕೊಡಲಾರದ್ದನ್ನು ಶಾಲೆ ಕೊಡಬೇಕು. ಆದುದರಿಂದಲೇ ರೈಫಲು ಮನೆಯದಾಗಬಾರದು, ಶಾಲೆಯದಾಗಬೇಕು ಎನ್ನುತ್ತೇನೆ.

ಮನೆಗೆ ಹೋದ ಏರ್‌ಗನ್ ಎಲ್ಲಿ ಮುಟ್ಟುತ್ತದೆಂಬುದನ್ನು ಎಲ್ಲರೂ ಬಲ್ಲೆವು. ಮೊದಲು ಡಬ್ಬಿ, ಆಮೇಲೆ ಬೆಳವ, ಆಮೇಲೆ ಗಿಳಿ, ನವಿಲು. ನಮ್ಮ ಸೀಮೆಯ ಹೊಲಗಳಲ್ಲಿ ಇಂದಿಗೂ ಕೃಷ್ಣಮೃಗಗಳು ಹಿಂಡಾಗಿ ಮೇಯುತ್ತವೆ. ಕಡಲೆಯ ಬೆಳೆಗೆ ಅವುಗಳಿಂದ ಆಗುವ ಹಾನಿಯನ್ನು ರೈತನಾಗಿ ನಾನೂ ಬಲ್ಲೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವುಗಳ ಮೇಲೆ ಕೈಮಾಡಲು ಬಿಡುವುದಿಲ್ಲ. ನಮ್ಮ ಧರ್ಮವಂತೂ ಎಂಟು ನೂರು ವರ್ಷಗಳಿಂದ ಬಿಟ್ಟಿಲ್ಲ. ಅರುಣಾಚಲ ಪ್ರದೇಶದ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಗ್ರಾಮದಲ್ಲಿ 2021ರ ಮಾರ್ಚಿನಲ್ಲಿ, ಹಕ್ಕಿಗಳ ಉಳಿವಿಗಾಗಿ ಜನರು ತಾವಾಗಿ ಏರ್‌ಗನ್ನುಗಳನ್ನು ಒಪ್ಪಿಸುವ ಅಭಿಯಾನ ಆರಂಭವಾಯಿತು. ಬೇಟೆಯೇ ಬದುಕಾಗಿದ್ದ ಜನ ಅಷ್ಟು ಮಾಡಬಲ್ಲರಾದರೆ, ನಮ್ಮ ಶಾಲೆಯ ರೈಫಲು ಒಂದು ಗುಬ್ಬಿಯ ಕಡೆಗೂ ತಿರುಗದಂತೆ ನಾವು ನೋಡಿಕೊಳ್ಳಲಾರೆವೆ? ಮೊದಲ ಪಾಠದ ದಿನವೇ ಮಗು ಈ ಮಾತನ್ನು ಒಪ್ಪಿಕೊಂಡು ಸಹಿ ಹಾಕಬೇಕು. ಮುರಿದವರಿಗೆ ಮತ್ತೆ ರೈಫಲಿಲ್ಲ.

ಈಗ ದಾನಿಗಳ ಹಣದ ಲೆಕ್ಕ. ಹತ್ತು ಮಕ್ಕಳ ಒಂದು ತಂಡವೆಂದು ಭಾವಿಸೋಣ. ವಾರಕ್ಕೆ ಮೂರು ದಿನ, ದಿನಕ್ಕೆ 60 ಗುಂಡು, ವರ್ಷಕ್ಕೆ 40 ವಾರ. ಒಂದು ಮಗುವಿಗೆ 7,200 ಗುಂಡು. ಹತ್ತು ಮಕ್ಕಳಿಗೆ 72,000. ಐನೂರರ ಡಬ್ಬಿಗಳಾದರೆ 144 ಡಬ್ಬಿ. ಕೊಂಡ ರೈಫಲು ಹತ್ತು ವರ್ಷ ಬಾಳುತ್ತದೆ. ಈ ಡಬ್ಬಿಗಳು ಪ್ರತಿವರ್ಷವೂ ಬೇಕು. ದಾನವಾಗಿ ಬಂದ ಸಾಧನಗಳು ಶಾಲೆಗಳ ಕಪಾಟಿನಲ್ಲಿ ತುಕ್ಕು ಹಿಡಿಯುವುದು ಸಾಧನದ ದೋಷದಿಂದಲ್ಲ, ಎರಡನೆಯ ವರ್ಷದ ಖರ್ಚನ್ನು ಯಾರೂ ಯೋಚಿಸದಿರುವುದರಿಂದ. ಆದಕಾರಣ ಐದು .22ರ ಹಣದಲ್ಲಿ ಮೂರು ಏರ್ ರೈಫಲು, ಹತ್ತು ಕನ್ನಡಕ, ಗುಂಡನ್ನು ಹಿಡಿದು ನಿಲ್ಲಿಸುವ ಉಕ್ಕಿನ ಪೆಟ್ಟಿಗೆಗಳು, ಹಿಂದೆ ಒಂದು ಎತ್ತರದ ಗೋಡೆ, ಎರಡು ಬೀಗದ ಕಪಾಟು ಇಷ್ಟನ್ನು ಮಾಡಿ, ಉಳಿದುದನ್ನು ಬ್ಯಾಂಕಿನಲ್ಲಿ ಇಡುಗಂಟಾಗಿ ಇಟ್ಟರೆ ಅದರ ಬಡ್ಡಿಯಿಂದ ಗುಂಡುಗಳ ವೆಚ್ಚಕ್ಕೆ ನೆರವಾದೀತು. ಕಪಾಟಿನ ಒಂದು ಬೀಗದ ಕೈ ಮುಖ್ಯೋಪಾಧ್ಯಾಯರಲ್ಲಿ, ಇನ್ನೊಂದು ಕ್ರೀಡಾ ಶಿಕ್ಷಕರಲ್ಲಿ ಇರಲಿ. ಇಬ್ಬರೂ ಇಲ್ಲದೆ ಬಾಗಿಲು ತೆರೆಯದಿರಲಿ. ಗುಂಡು ಸೀಸದ್ದಾದುದರಿಂದ ಅಭ್ಯಾಸದ ಜಾಗದಲ್ಲಿ ತಿನ್ನುವುದು ಬೇಡ, ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯುವುದು ಕಡ್ಡಾಯವಾಗಲಿ. ಶಿಕ್ಷಕರೊಬ್ಬರನ್ನು ರಾಜ್ಯದ ರೈಫಲ್ ಸಂಘದ ನುರಿತವರ ಬಳಿ ತರಬೇತಿಗೆ ಕಳಿಸುವ ವೆಚ್ಚವನ್ನೂ ಇದರಲ್ಲಿಯೇ ಸೇರಿಸಬೇಕು. ಗುರುವಿಲ್ಲದ ರೈಫಲಿಗಿಂತ ರೈಫಲಿಲ್ಲದ ಗುರು ಲೇಸು.

ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರನ್ನು ಈ ಸೀಮೆಯ ಶಾಲೆಗಳೆಲ್ಲ ಕೃತಜ್ಞತೆಯಿಂದ ನೆನೆಯುತ್ತವೆ. ಫಲಕ ಯಾವುದೆಂಬುದಕ್ಕಿಂತ ಒಳಗೆ ಮಕ್ಕಳು ಏನನ್ನು ಕಲಿಯುತ್ತಾರೆಂಬುದು ಮುಖ್ಯವೆಂದು ಅವರು ತೋರಿಸಿಕೊಟ್ಟರು. ಹಾಗೆಯೇ ನಮ್ಮ ಶಾಲೆಗೆ ಯಾವ ರೈಫಲು ಬಂದಿತೆಂಬುದಕ್ಕಿಂತ, ಅದನ್ನು ಹಿಡಿದ ಮಗು ಏನನ್ನು ಕಲಿಯಿತೆಂಬುದು ಮುಖ್ಯ. ಕೈಯಲ್ಲಿ ಶಕ್ತಿಯಿದ್ದಾಗ ಅದನ್ನು ತಡೆದು ನಿಲ್ಲುವುದನ್ನು ಕಲಿತರೆ, ಪದಕ ಬಾರದಿದ್ದರೂ ನಮಗೆ ನಷ್ಟವಿಲ್ಲ.

ಈ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ನನ್ನ ಗೆಳೆಯನಿಗೆ ಓದಿ ಹೇಳಿದೆ. ಆತನ ಕಣ್ಣಿನ ಮಾತನ್ನು ಬರೆಯಲು ಅನುಮತಿ ಬೇಕಾಗಿತ್ತು. ಪೂರ್ತಿ ಕೇಳಿ, ‘ಬರಿ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಕನ್ನಡಕದ ಖರ್ಚು ನಂದು’ ಎಂದ. ಹತ್ತು ಕನ್ನಡಕಗಳ ಭಾರ ಹೀಗೆ ಇಳಿದಂತಾಯಿತು. ಉಳಿದುದನ್ನು ದಾನಿಗಳೂ ಆಡಳಿತ ಮಂಡಳಿಯವರೂ ಪೂಜ್ಯರ ಸನ್ನಿಧಿಯಲ್ಲಿ ಕುಳಿತು ತೀರ್ಮಾನಿಸಲಿ ಎಂದು ವಿನಂತಿಸುತ್ತೇನೆ.